ಸಮುದ್ರದ ಸ್ಪಂಜೂ ಕಣಕಟ್ಟೆಯ ಸುಮಿತ್ರಮ್ಮನೂ

ಸ್ಪಂಜು ಪ್ರಾಣಿಯೋ, ಗಿಡವೋ? ಲೋಕದ ಸಮಸ್ತ ವ್ಯವಹಾರಗಳನ್ನೂ ಬದಿಗಿಟ್ಟು ಮೊದಲು ಇತ್ಯರ್ಥವಾಗಬೇಕಾದ ಈ ಘನಗಂಭೀರ ಪ್ರಶ್ನೆ, ಒಂದು ಸೋಮವಾರ ಅರಸೀಕೆರೆಯ ಖಾಸಗಿ ಆಸ್ಪತ್ರೆಯೊಂದರ ಔಷಧಿ ಕೌಂಟರಿನ ಮುಂದೆ ಎದ್ದಿತು.

ಎತ್ತಿದವರು ಕಣಕಟ್ಟೆಯ ಸುಮಿತ್ರಮ್ಮ. ತೆಂಗಿನ ತೋಟದ ಮನೆಯವರು, ಲಿಂಗಪೂಜೆಯಿಲ್ಲದೆ ನೀರೂ ಮುಟ್ಟದವರು. ಕ್ಯಾಪ್ಸೂಲ್ ಕೊಟ್ಟರೆ, ಹೊರಗಿನ ಚಿಪ್ಪು ಪ್ರಾಣಿಗಳ ಮೂಳೆಯದೆಂದು ಬಿಚ್ಚಿ ಬಿಸಾಡಿ, ಒಳಗಿನ ಪುಡಿಯನ್ನಷ್ಟೇ ಜೇನುತುಪ್ಪದಲ್ಲಿ ನೆಕ್ಕುತ್ತಿದ್ದರು. ಜೇನುತುಪ್ಪದ ಮೂಲವನ್ನು ಯಾರೂ ವಿಚಾರಿಸಿರಲಿಲ್ಲ.

ಎದೆಯ ಕ್ಯಾನ್ಸರು ಹಳೆಯ ಔಷಧಗಳಿಗೆ ಬಗ್ಗದೆ, ಡಾಕ್ಟರು ಹೊಸ ಇಂಜೆಕ್ಷನ್ ಬರೆದಿದ್ದರು.

“ಇದು ಯಾತರದಪ್ಪ? ಬೇರಾ, ಸೊಪ್ಪಾ?”

ಫಾರ್ಮಸಿಸ್ಟ್ ದೇವರಾಜ್ ತಲೆಯೆತ್ತಿದ. “ಸಮುದ್ರದ ಸ್ಪಂಜಲ್ಲಿ ಸಿಕ್ಕಿದ್ದಮ್ಮ.”

“ಅಂದ್ರೆ ಗಿಡ.”

“ಅಲ್ಲಮ್ಮ, ಪ್ರಾಣಿ. ಆದ್ರೆ...”

ಮುಂದಿನದನ್ನು ಕೇಳಲು ಸುಮಿತ್ರಮ್ಮ ಅಲ್ಲಿರಲಿಲ್ಲ. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಸೆರಗಿನೊಳಗೆ ಹಿಡಿದುಕೊಂಡು ಬಾಗಿಲು ದಾಟಿಯಾಗಿತ್ತು.

ಮಗಳು ಶಿಲ್ಪಾ ಉರಿದುಬಿದ್ದಳು. “ಗಿಡ ಅಂದಿದ್ರೆ ನಿಮ್ಮ ಗಂಟೇನ್ರೀ ಹೋಗ್ತಿತ್ತು? ಒಂದೇ ಒಂದು ಸುಳ್ಳು!”

“ಆಮೇಲೆ ಅವರಿಗೆ ಗೊತ್ತಾದ್ರೆ?”

“ಬದುಕಿದ್ರೆ ತಾನೇ ಗೊತ್ತಾಗೋದು!”

ಅವನ ಕೈ ನಡುಗುತ್ತಿತ್ತು. ಅದನ್ನು ಕಂಡು ಅವಳ ಸಿಟ್ಟು ಇನ್ನಷ್ಟು ಏರಿತು. ‘ಕೊಲ್ಲೋದೂ ಇವನೇ, ನಡುಗೋದೂ ಇವನೇ...!’

ಕಣಕಟ್ಟೆಯಲ್ಲಿ ಸುಮಿತ್ರಮ್ಮ ದಿನದಿನಕ್ಕೆ ಹಾಸಿಗೆಗೆ ಅಂಟತೊಡಗಿದರು. ಶಿಲ್ಪಾಳ ಚಿಕ್ಕಪ್ಪ ಕೆಂಚಪ್ಪನವರಿಗೆ ಉಪಾಯ ಹೊಳೆಯಿತು. “ಗ್ಲೂಕೋಸ್ ಅಂತ ಹೇಳಿ ಹಾಕಿಸ್ಬಿಡಾನ ಕಣವ್ವ.”

ಶಿಲ್ಪಾ ಧೈರ್ಯ ಮಾಡಿ ತಾಯಿಯ ಬಳಿ ಕೂತಳು.

“ನೀನು ಹೇಳಿದ್ರೆ ತಕ್ಕತ್ತೀನಿ ಕಣೇ,” ಎಂದರು ಸುಮಿತ್ರಮ್ಮ. “ಯಾತರದು ಅಂತ ಹೇಳು, ಸಾಕು.”

ಆ ಕಣ್ಣುಗಳ ಮುಂದೆ ಶಿಲ್ಪಾಳಿಗೆ ಸುಳ್ಳು ಹೇಳಲಾಗಲಿಲ್ಲ. ಹೆತ್ತ ಮಗಳಿಗೇ ಆಗದ್ದನ್ನು ಅವಳು ಬೇರೊಬ್ಬನಿಂದ ಬೇಡಿದ್ದಳು... ಹಿತ್ತಿಲಿಗೆ ಹೋಗಿ ಆಸ್ಪತ್ರೆಗೆ ಫೋನ್ ಮಾಡಿದಳು.

“ಆವತ್ತು ‘ಆದ್ರೆ’ ಅಂದ್ರಲ್ಲ... ಆದ್ರೆ ಏನು?”

“ಅವರ ಮುಂದೇನೇ ಹೇಳ್ತೀನಿ,” ಎಂದ ದೇವರಾಜ್. ಸಿಕ್ಕಿದ ಬಸ್ ಹತ್ತಿ ಬಂದೇಬಿಟ್ಟ.

ಸುಮಿತ್ರಮ್ಮನನ್ನು ಜಗಲಿಗೆ ಕರೆತಂದು ಒರಗಿಸಿದರು.

“ಸ್ಪಂಜಲ್ಲಿರೋ ಔಷಧಿ ಹೆಂಗಿದೆ ಅಂತ ಮೊದಲು ನೋಡ್ಕೊಂಡ್ರಮ್ಮ. ಈಗ ಅದೇ ಥರದ್ದನ್ನ ಫ್ಯಾಕ್ಟರೀಲಿ ರಾಸಾಯನಿಕ ಕೂಡಿಸಿ ಮಾಡ್ತಾರೆ. ಈ ಇಂಜೆಕ್ಷನ್ನಲ್ಲಿ ಸ್ಪಂಜು ಒಂದು ಚೂರೂ ಇಲ್ಲ.”

“ಮೊದಲು ನೋಡ್ಕಂಡಾಗ ಸತ್ತವಾ?”

ಶಿಲ್ಪಾ ಮನಸ್ಸಿನಲ್ಲೇ ಬೇಡಿಕೊಂಡಳು. ‘ಇಲ್ಲ ಅನ್ನು... ದಮ್ಮಯ್ಯ, ಇಲ್ಲ ಅನ್ನು!’

“ಸತ್ತವಮ್ಮ. ರಾಶಿಗಟ್ಟಲೆ.”

ಸುಮಿತ್ರಮ್ಮ ಅವನತ್ತ ತಿರುಗಿದರು. “ಯಾವೂರಪ್ಪ?”

“ಮಾದಿಹಳ್ಳಿ.”

“ಯಾರ ಪೈಕಿ?”

“ಬೌದ್ಧರಮ್ಮ. ಕೇರಿಯೋರು.”

ಕೆಂಚಪ್ಪನವರು ಜಗಲಿಯ ಮೇಲೆ ತುಸು ಸರಿದು ಕೂತರು. ಜಾಗವೇನೂ ಇಕ್ಕಟ್ಟಾಗಿರಲಿಲ್ಲ.

“ಅದನ್ನೂ ಬಚ್ಚಿಡಕ್ಕೆ ಬರಲ್ವೇನೋ ನಿಂಗೆ!” ಸುಮಿತ್ರಮ್ಮ ನಕ್ಕರು. ನಗು ಕೆಮ್ಮಾಯಿತು. “ಸತ್ತಿದ್ದನ್ನ ಒಪ್ಪಿಕೊಂಡೋನು, ಇದ್ರಲ್ಲಿಲ್ಲ ಅಂದಿದ್ದೂ ನಿಜವೇ ಇರ್ಬೇಕು. ಶಿಲ್ಪಾ, ನಾಳೆ ಹೊರಡಾನ.”

ಔಷಧ ಹಿಡಿಯಿತು, ಆದರೆ ತಡವಾಗಿ. ಸುಮಿತ್ರಮ್ಮನ ಕೂದಲು ಉದುರಿತು. ಬೆರಳು ಜೋಮು ಹಿಡಿದು ವಿಭೂತಿ ಹಚ್ಚಲೂ ಆಗದಾಯಿತು. ಶಿಲ್ಪಾ ಹಚ್ಚುತ್ತಿದ್ದಳು. ಕೌಂಟರಿನಲ್ಲಿ ಬಿಡುವು ಸಿಕ್ಕಾಗಲೆಲ್ಲ ದೇವರಾಜ್ ಬಂದು ಅವರೊಂದಿಗೆ ಕೂರುತ್ತಿದ್ದ.

ಒಂದು ಸಂಜೆ ಆಸ್ಪತ್ರೆಯ ಬೆಂಚಿನ ಮೇಲೆ ಶಿಲ್ಪಾ ಕೇಳಿಯೇಬಿಟ್ಟಳು. “ಅವ್ವ ಉಳೀತಾಳಾ?”

“ಇಲ್ಲ. ಇನ್ನೊಂದಿಷ್ಟು ತಿಂಗಳು... ಅಷ್ಟೇ.”

ಈ ಸಲ ಅವಳು ಬೈಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಇನ್ನೊಂದು ಕೇಳ್ತೀನಿ. ಇದಕ್ಕೂ ನಿಜಾನೇ ಹೇಳ್ಬೇಕು. ನನ್ನ ಮೇಲೆ ನಿಮಗೆ...”

“ಹೌದು.”

“ಪೂರ್ತಿ ಕೇಳಿಸ್ಕೊಳ್ರೀ!”

“ನೀವು ಆವತ್ತು ಕೇಳಿಸ್ಕೊಂಡ್ರಾ?”

ಅವಳು ನಕ್ಕಳು. ನಗುತ್ತಲೇ ಅತ್ತಳು. ಅವನ ಕೈ ಆವತ್ತಿನ ಹಾಗೇ ನಡುಗುತ್ತಿತ್ತು, ಹಿಡಿದುಕೊಂಡಳು.

“ನಮ್ಮ ಚಿಕ್ಕಪ್ಪ ಒಪ್ಪಲ್ಲ.”

“ಗೊತ್ತು.”

“ಆದ್ರೂ...?”

“ಆದ್ರೂ.”

ಬೇಸಿಗೆ ಮುಗಿಯುವ ಮೊದಲೇ ಸುಮಿತ್ರಮ್ಮ ತೀರಿಕೊಂಡರು. ಶಿಲ್ಪಾ ಮತ್ತು ದೇವರಾಜ್ ಅರಸೀಕೆರೆಯಲ್ಲಿ ರಿಜಿಸ್ಟರ್ ಮದುವೆಯಾದರು. ಕೆಂಚಪ್ಪನವರು ಬರಲಿಲ್ಲ.