ಅಪೀಲಿಗೊಂದು ಸಹಿ

ಐಶ್ವರ್ಯ ಪೇಢೆಯ ಡಬ್ಬಿ ಹಿಡಿದು ಚಿತ್ತಾಪುರದ ಕೋರ್ಟಿಗೆ ಬಂದಾಗ ಸರ್ಕಾರಿ ವಕೀಲ ರಘೂತ್ತಮ ತಲೆ ಎತ್ತಲಿಲ್ಲ. ನೋಡಿದ್ದಾನೆಂದು ಅವಳಿಗೆ ಗೊತ್ತು, ಕಿವಿ ಕೆಂಪಗಾಗಿದ್ದವಲ್ಲ.

"ವಕೀಲರು ಸಿಟ್ಟಾಗ್ಯಾರೇನು? ಬಾಯಿ ತೆಗೀರಿ."

"ಕುಂದುರು, ಐಶ್ವರ್ಯಾ."

"ಕುಂದರಲ್ಲ. ಅಣ್ಣ ಮನೀಗಿ ಬಂದಾನ. 'ಹುಡುಗನ ಮಂದೀನ ಕರಸು, ಜಾತಿಗೀತಿ ನಾ ನೋಡ್ಕೋತೀನಿ' ಅಂದಾನ!"

ಈ ಒಂದು ಮಾತಿಗಾಗಿ ಅವಳು ಎಷ್ಟು ಕಾದಿದ್ದಳೋ. ಅಪ್ಪನಿಲ್ಲದ ಮನೆಯಲ್ಲಿ ಎತ್ತಿ ಆಡಿಸಿದವನು ಅಣ್ಣ ಅಂಬಾರಾಯನೇ. ಅವನೋ, ವಾಡಿಯಲ್ಲಿ ಕಲ್ಲಿನ ಲಾರಿ ತಡೆದು ಹಫ್ತಾ ವಸೂಲಿ ಮಾಡಿ ಸಿಕ್ಕಿಬಿದ್ದಿದ್ದ. ಆರೇ ತಿಂಗಳ ಶಿಕ್ಷೆ. ವಿಚಾರಣೆಯ ಕಾಲದಲ್ಲೇ ಅಷ್ಟು ದಿನ ಒಳಗಿದ್ದುದರಿಂದ ತೀರ್ಪಿನ ದಿನವೇ ಬಿಡುಗಡೆಯಾಗಿತ್ತು. ಕೇಸು ನಡೆಸಿದ ಸರ್ಕಾರಿ ವಕೀಲರು ವರ್ಗವಾಗಿ ಹೋಗಿದ್ದರು. ಶಿಕ್ಷೆ ಸಾಕೋ ಸಾಲದೋ ಎಂದು ಸರ್ಕಾರಕ್ಕೆ ಅಭಿಪ್ರಾಯ ಬರೆಯುವ ಕೆಲಸ ರಘೂತ್ತಮನ ಪಾಲಿಗೆ ಬಂದಿತ್ತು.

"ಶಿಕ್ಷೆ ಕಮ್ಮಿ ಆಗ್ಯಾದ, ಅಪೀಲು ಹೋಗಬೇಕಂತ ಮುಂಜಾನಿ ಬರದು ಕಳಿಸೀನಿ," ಅಂದ.

ಪೇಢೆ ಹಿಡಿದ ಅವಳ ಕೈ ಹಾಗೇ ನಿಂತಿತು.

"ಸಾಕು ಅಂತ ಬರದಿದ್ರ ಯಾರು ಕೇಳ್ತಿದ್ರು?"

"ಮಜೀದಸಾಬ ಕೇಳ್ತಿದ್ದ. ಹಫ್ತಾ ಕೊಡಲ್ಲ ಅಂದಿದ್ದಕ್ಕ ನಿಮ್ಮಣ್ಣ ಅವನ ಕೈ ಮುರದಾನ. ಲಾರಿ ಹೊಡೀಲಿಕ್ಕಿ ಬರಲ್ಲ ಈಗ ಅವನಿಗಿ."

"ಲಗ್ನ ಆದಮ್ಯಾಲ ಬರೀಬಹುದಿತ್ತಲ್ರೀ."

"ಆಗ ನನ್ನ ಕೈಲಿ ಆಗ್ತಿರಲಿಲ್ಲ. ನಿನ್ನ ಮಾರಿ ನೋಡಿದ್ರ ಇವತ್ತೂ ಆಗ್ತಿರಲಿಲ್ಲ. ಅದಕ್ಕ ನೀ ಬರೋದ್ರೊಳಗ ಬರದೆ."

ಅವನ ಕಣ್ಣು ತುಂಬಿದ್ದವು. ಅವಳು ಪೇಢೆಯನ್ನು ಮತ್ತೆ ಡಬ್ಬಿಯಲ್ಲಿಟ್ಟಳು. ಸುಳ್ಳು ಬರೆಯುವವನಾಗಿದ್ದರೆ ಇವನನ್ನು ಇಷ್ಟು ಪ್ರೀತಿಸುತ್ತಿದ್ದಳೇ? ಆದರೆ ಅಣ್ಣನನ್ನು ಮತ್ತೆ ಜೈಲಿಗೆ ಕಳಿಸಹೊರಟವನ ಕೈಯಿಂದ ತಾಳಿ ಕಟ್ಟಿಸಿಕೊಂಡು ಯಾವ ಮುಖ ಹೊತ್ತು ತವರಿಗೆ ಬರುವುದು? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗಾಯಿತು ಹುಡುಗಿಯ ಪಾಡು.

"ನೀವು ಮಾಡಿದ್ದು ತಪ್ಪಲ್ಲ. ಆದ್ರ ಇನ್ನ ನಾ ಬರಂಗಿಲ್ರಿ," ಎಂದಳು. ರಘೂತ್ತಮ ತಡೆಯಲಿಲ್ಲ.

ಮನೆಯಲ್ಲಿ ಅಂಬಾರಾಯ ಊಟಕ್ಕೆ ಕೂತಿದ್ದ. "ಏನಂದ ನಿನ್ನ ಹುಡುಗ?"

"ನಾನೇ ಒಲ್ಲೆ ಅಂದೆ, ಅಣ್ಣಾ."

"ಛಲೋ ಮಾಡ್ದಿ ಬಿಡು!" ಅವನು ಗಟ್ಟಿಯಾಗಿ ನಕ್ಕ. "ಇನ್ನ ನಮಗ ಕೋರ್ಟಿನ ಉಸಾಬರಿನೇ ಬ್ಯಾಡ."

ಐಶ್ವರ್ಯ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಅವನು ಕೇಳದಿದ್ದರೂ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

"ಹೊಟ್ಟಿ ತುಂಬ ಉಣ್ಣು, ಅಣ್ಣಾ."