ಎಣ್ಣೆ ಇಲ್ಲದ ಪೆಟ್ರೋಲ್

1999ರ ಜನವರಿ 11, ಸೋಮವಾರ ಬೆಳಿಗ್ಗೆ ಅಭಿರಾಮಿ ಠಾಣೆಗೆ ಬಂದಾಗ ಅವಳ ಸೀರೆಯ ಅಂಚಿನಲ್ಲಿ ಇನ್ನೂ ಅಪ್ಪನ ರಕ್ತದ ಕಲೆಯಿತ್ತು. ಕಾಮಯಗೌಂಡನ್‌ಪಟ್ಟಿಯ ದ್ರಾಕ್ಷಿ ಬೆಳೆಗಾರ ಅಯ್ಯಾವು ಹಿಂದಿನ ದಿನ ಕಂಬಂಮೆಟ್ಟು ಘಾಟಿಯಲ್ಲಿ ಮೋಟಾರ್ ಸೈಕಲ್ ಸಮೇತ ತಡೆಗೋಡೆಗೆ ಬಡಿದು ಬಿದ್ದಿದ್ದ. ತೇನಿಯ ಆಸ್ಪತ್ರೆಯಲ್ಲಿ ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಪ್ರಜ್ಞೆ ಬಂದಿರಲಿಲ್ಲ.

ಇನ್‌ಸ್ಪೆಕ್ಟರ್ ಲಕ್ಷ್ಮಣನ್ ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ, ತಮಿಳಿನಲ್ಲಿ ಹೇಳಲು ಶುರು ಮಾಡಿದಳು. ಲಕ್ಷ್ಮಣನ್ ಹನುಮಂತನಪಟ್ಟಿಯವನು, ಅವನ ಮನೆಮಾತೂ ಅವಳದೇ ಕನ್ನಡ. ಆ ಮಾತಿನಲ್ಲೇ ಕೇಳಿದ.

"ಘಾಟಿಲಿ ದಿನಾ ಒಬ್ರು ಬೀಳ್ತಾರೆ ತಾಯಿ. ಇದು ಆಕ್ಸಿಡೆಂಟ್ ಅಲ್ಲ ಅಂತ ಹೆಂಗ ಯೋಳ್ತೀಯ?"

"ಅಪ್ಪಾರು ಆರು ವರ್ಸ ಕೂತು ಮಾಡಿದ ವಂಡಿ ಸಾರ್. ಒಂದೊಂದು ಸ್ಕ್ರೂ ಅವ್ರೇ ಹಾಕಿದ್ದು. ಯಾರೋ ಏನೋ ಮಾಡವ್ರೆ."

"ಯಾರ ಮ್ಯಾಲ ಸಂದೇಗ?"

ಅವಳು ಬಾಗಿಲ ಕಡೆ ನೋಡಿದಳು. "ಚಿಕ್ಕಪ್ಪಾರು."

ಚಿಕ್ಕಪ್ಪ ಕಾಳಿಯಪ್ಪನಿಗೂ ಅಯ್ಯಾವುಗೂ ಬಾವಿ ನೀರಿನ ಸರದಿಗಾಗಿ ಜಗಳವಿತ್ತು. ಬಾವಿ ಇಬ್ಬರಿಗೂ ಒಂದೇ. ಮೋಟಾರ್ ಸೈಕಲ್ ಇರುತ್ತಿದ್ದ ಪಂಪ್ ಕೋಣೆಯ ಬೀಗದ ಕೈ ಅವನ ಬಳಿಯೂ ಇತ್ತು. ಹಿಂದಿನ ವಾರ ಊರವರ ಎದುರಿಗೇ ಅವನು, "ಆ ವಂಡಿಲೇ ನಿನ್ನ ಸಾವೈತೆ" ಎಂದು ಅಣ್ಣನಿಗೆ ಕೂಗಿದ್ದ.

ಕೊಲೆ ಯತ್ನವೆಂದು ಎಫ್‌ಐಆರ್ ದಾಖಲಾಯಿತು.

ಹೆಡ್ ಕಾನ್‌ಸ್ಟೇಬಲ್ ರಾಜಾನನ್ನು ಕರೆದುಕೊಂಡು ಲಕ್ಷ್ಮಣನ್ ಮೊದಲು ಘಾಟಿಗೆ ಹೋದ. ಏರಿನ ಮೂರನೇ ತಿರುವಿನಲ್ಲಿ ರಸ್ತೆಯ ಮೇಲೆ ಹಿಂದಿನ ಚಕ್ರ ಉಜ್ಜಿದ ಕಪ್ಪು ಗೆರೆ ತಡೆಗೋಡೆಯ ತನಕ ನೇರವಾಗಿ ಸಾಗಿತ್ತು. ಏರುವ ಗಾಡಿಗೆ ಇಷ್ಟು ಬಲವಾಗಿ ಬ್ರೇಕ್ ಹಾಕುವವರು ಯಾರು? ಸ್ಥಳ ಪಂಚನಾಮೆ ಬರೆಸಿ, ಮುರಿದ ಜಾವಾ ಮೋಟಾರ್ ಸೈಕಲನ್ನು ಠಾಣೆಗೆ ಸಾಗಿಸಿದರು. ಕಡುಗೆಂಪು ಟ್ಯಾಂಕಿನ ಒಂದು ಬದಿ ನಜ್ಜುಗುಜ್ಜಾಗಿದ್ದರೂ ಇನ್ನೊಂದು ಬದಿಯ ಚಿನ್ನದ ಬಣ್ಣದ ಗೆರೆ ಕೂದಲೆಳೆಯಷ್ಟೂ ವಕ್ರವಾಗಿರಲಿಲ್ಲ.

ಪಂಪ್ ಕೋಣೆಯ ಬೀಗ ಮುರಿದಿರಲಿಲ್ಲ. ಅಲ್ಲಿ ಬಾಗಿಲ ಬಳಿ ನಿಂತಿದ್ದವನು ಗೋವಿಂದನ್, ಅಯ್ಯಾವುವಿನ ಗೆಳೆಯ. ಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ ಇಟ್ಟುಕೊಂಡಿದ್ದ ಒಂಟಿ ಮನುಷ್ಯ. ದಿಂಡಿಗಲ್ಲಿನ ಗುಜರಿಯಲ್ಲಿ ಆ ಗಾಡಿ ಸಿಕ್ಕಾಗಿನಿಂದ ಪ್ರತಿ ಭಾನುವಾರ ಅವನೂ ಅಯ್ಯಾವು ಜೊತೆ ಕೂತು ಕೆಲಸ ಮಾಡಿದ್ದ. ಇಂಜಿನ್ ಬಿಚ್ಚಿ ಕೂಡಿಸಿದ್ದು ಅವನೇ.

"ಶನಿವಾರ ಸಾಯಂಕಾಲ ನೀನೂ ಇಲ್ಲೇ ಇದ್ಯಾ?"

"ಇದ್ದೆ ಸಾರ್. ಅಯ್ಯಾವು ಪೆಟ್ರೋಲ್‌ಗೆ ಎಣ್ಣೆ ಕಲಸಿ ಟ್ಯಾಂಕ್ ತುಂಬಿಸ್ದ. ಬೀಗ ಹಾಕ್ದ. ಹೊರಟೆವು."

ಮೋಟಾರು ವಾಹನ ನಿರೀಕ್ಷಕರು ಮಂಗಳವಾರ ಬಂದರು. ಬ್ರೇಕ್ ಸರಿಯಿತ್ತು, ಸರಪಳಿ ಸರಿಯಿತ್ತು. ಇಂಜಿನ್ ತಲೆ ಬಿಚ್ಚಿದಾಗ ಪಿಸ್ಟನ್ ಸಿಲಿಂಡರಿಗೆ ಬೆಸುಗೆ ಹಾಕಿದಂತೆ ಕಚ್ಚಿಕೊಂಡಿತ್ತು.

"ಎಣ್ಣೆ ಇಲ್ಲದೆ ಓಡಿದೆ," ಎಂದರು ಅವರು. "ಟೂ-ಸ್ಟ್ರೋಕ್ ಇಂಜಿನ್‌ಗೆ ಎಣ್ಣೆ ಪೆಟ್ರೋಲಿನ ಜೊತೆಗೇ ಹೋಗಬೇಕು. ಇಲ್ಲದಿದ್ದರೆ ಕಾದು ಹಿಡಿದುಕೊಳ್ಳುತ್ತದೆ. ಹಿಂದಿನ ಚಕ್ರ ಅಲ್ಲೇ ನಿಂತುಬಿಡುತ್ತದೆ."

ಲಕ್ಷ್ಮಣನ್ ಟ್ಯಾಂಕಿನಲ್ಲಿ ಉಳಿದಿದ್ದ ಪೆಟ್ರೋಲನ್ನು ಸೀಸೆಗೆ ಬಸಿದು ಮೊಹರು ಹಾಕಿಸಿದ. ಉಳಿದಿದ್ದನ್ನು ಒಂದು ತಟ್ಟೆಗೆ ಸುರಿಸಿ ಬಿಸಿಲಲ್ಲಿ ಇಟ್ಟ. ಪಕ್ಕದ ತಟ್ಟೆಯಲ್ಲಿ ಎಣ್ಣೆ ಬೆರೆಸಿದ ಪೆಟ್ರೋಲ್. ಎರಡೂ ಆರಿದವು. ಒಂದರಲ್ಲಿ ಜಿಡ್ಡು ಉಳಿಯಿತು. ಟ್ಯಾಂಕಿನ ತಟ್ಟೆ ತೊಳೆದಿಟ್ಟಂತಿತ್ತು. ಶನಿವಾರ ಸಂಜೆಯ ಮೇಲೆ ಯಾರೋ ಟ್ಯಾಂಕ್ ಬಸಿದು ಬರೀ ಪೆಟ್ರೋಲ್ ತುಂಬಿದ್ದರು.

ಸುದ್ದಿ ಊರು ತಲುಪಲು ಹೊತ್ತು ಹಿಡಿಯಲಿಲ್ಲ. ಮಧ್ಯಾಹ್ನ ಲಕ್ಷ್ಮಣನ್ ಜೀಪು ಕಾಮಯಗೌಂಡನ್‌ಪಟ್ಟಿಗೆ ಬಂದಾಗ ಕಾಳಿಯಪ್ಪನ್ ಮನೆ ಮುಂದೆ ಮೂವತ್ತು ನಲವತ್ತು ಜನ. ಕೆಲವರ ಕೈಯಲ್ಲಿ ದ್ರಾಕ್ಷಿ ಚಪ್ಪರದ ಗೂಟಗಳು. ಹೆಂಚಿನ ಮೇಲೆ ಕಲ್ಲು ಬಿದ್ದ ಸದ್ದಿಗೆ ಒಳಗಿಂದ ಹೆಂಗಸೊಬ್ಬಳು ಚೀರಿದಳು.

"ದೂರ ನಿಲ್ಲಿ! ಇನ್ನೊಂದು ಕಲ್ಲು ಬಿದ್ರೆ ಇಷ್ಟೂ ಜನಾನೂ ಲಾಕಪ್‌ಗೆ ಹಾಕ್ತೀನಿ!" ಎಂದು ಲಕ್ಷ್ಮಣನ್ ಜೀಪಿನ ಬಾನೆಟ್ ಮೇಲೆ ಲಾಠಿ ಬಡಿದ. ಗುಂಪು ಸರಿಯಲಿಲ್ಲ, ಆದರೆ ನಿಂತಿತು. ಅಷ್ಟರಲ್ಲಿ ರಾಜಾ ಹಿತ್ತಲಿನಿಂದ ಕಾಳಿಯಪ್ಪನನ್ನು ಕರೆತಂದು ಜೀಪಿಗೆ ಹತ್ತಿಸಿದ. ಜೀಪು ಹೊರಟ ಮೇಲೆ ಲಕ್ಷ್ಮಣನ್ ಕೇಳಿದ.

"ಶನಿವಾರ ರಾತ್ರಿ ಎಲ್ಲಿದ್ದೆ?"

"ಒಡ್ಡನ್‌ಛತ್ರಂ ಸಾರ್. ಟೊಮೆಟೊ ಲಾರಿ ಕೂಡ ಹೋದೆ."

"ವಾಪಸ್ಸು?"

"ಭಾನುವಾರ ಮಧ್ಯಾನ. ಬಸ್ ಇಳಿದ ಮ್ಯಾಲೇ ಅಣ್ಣಾರು ಬಿದ್ದ ಸಂಗತಿ ಗೊತ್ತಾದದ್ದು."

"ಸಾಯ್ತೀಯ ಅಂದ್ಯಲ್ಲ?"

"ಬಾಯಿ ಸಾರ್. ಬಾಯಿ ಕೆಟ್ಟದು." ಅವನು ಅಳತೊಡಗಿದ.

ರಾಜಾ ಒಡ್ಡನ್‌ಛತ್ರಂಗೆ ಹೋಗಿ ಮರುದಿನ ಬಂದ. ಲಾರಿ ಡ್ರೈವರ್, ತರಕಾರಿ ಮಂಡಿಯ ದಲ್ಲಾಳಿ, ಇಬ್ಬರದೂ ಒಂದೇ ಮಾತು. ಕಾಳಿಯಪ್ಪನ್ ಹೇಳಿದ್ದು ನಿಜ. ಆದರೂ ಲಕ್ಷ್ಮಣನ್ ಅವನನ್ನು ಊರಿಗೆ ಕಳಿಸಲಿಲ್ಲ. ನಿಜವಾದ ಕೈ ಸಿಗುವ ತನಕ ಅಲ್ಲಿ ಅವನ ಜೀವಕ್ಕೆ ಖಾತ್ರಿ ಇರಲಿಲ್ಲ.

ಆ ದಿನವೇ ಅಯ್ಯಾವು ಕಣ್ಣು ಬಿಟ್ಟ. ಆಸ್ಪತ್ರೆಯಲ್ಲಿ ಲಕ್ಷ್ಮಣನ್ ಬಾಗಿ ಕೇಳಿದ, "ಯಾರ ಮ್ಯಾಲಾದ್ರೂ ಅನುಮಾನ?"

ಅಯ್ಯಾವು ತಲೆ ಅಲ್ಲಾಡಿಸಿದ. ತುಟಿ ಒಣಗಿತ್ತು. "ಎಣ್ಣೆ ಕಲಸಾಗ ನಾನೇ ತಪ್ಪಿರ್ಬೇಕು. ವಂಡಿನ ಗೋವಿಂದನ್ ಕೈಗೇ ಕೊಡಿ. ಬ್ಯಾರೆಯೋರು ಬಿಚ್ಚಬಾರ್ದು."

"ಪಂಪ್ ಕೋಣೆ ಬೀಗದ ಕೈ ಅವ್ನ ತಾವನೂ ಇತ್ತಾ?"

"ಅವ್ನ ತಾವ ಇರ್ದೆ ಇರ್ತದಾ ಸಾರ್?"

ವಾಪಸ್ಸು ಬರುವಾಗ ಲಕ್ಷ್ಮಣನಿಗೆ ಒಂದು ಸಂಗತಿ ಕಾಡತೊಡಗಿತು. ತಟ್ಟೆಯ ಪರೀಕ್ಷೆಯ ಸುದ್ದಿ ಕೇಳಿ, ಎಣ್ಣೆ ಹೇಗೆ ಹೋಯಿತೆಂದು ಠಾಣೆಯ ಜವಾನನಿಂದ ಹಿಡಿದು ಎಲ್ಲರೂ ವಿಚಾರಿಸಿದ್ದರು. ಆ ಇಂಜಿನ್ನನ್ನು ಕಟ್ಟಿದ ಗೋವಿಂದನ್ ಒಬ್ಬನೇ ಠಾಣೆಯ ಕಡೆ ತಲೆ ಹಾಕಿರಲಿಲ್ಲ.

ರಾಜಾನನ್ನು ಕರೆದುಕೊಂಡು ಅವನು ನೇರವಾಗಿ ಪ್ರೆಸ್ಸಿಗೆ ಹೋದ. ಗೋವಿಂದನ್ ಅಚ್ಚಿನ ಮೊಳೆಗಳ ಮುಂದೆ ಕೂತಿದ್ದ. ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಕ್ಯಾನ್.

"ಅದೇನು?"

"ಪೆಟ್ರೋಲ್ ಸಾರ್. ಮೊಳೆ ತೊಳೆಯಕ್ಕೆ."

ರಾಜಾ ಕ್ಯಾನಿನಿಂದ ಸ್ವಲ್ಪ ಕಾಗದದ ಮೇಲೆ ಸುರಿದು ಹೊಸ್ತಿಲಾಚೆ ಬಿಸಿಲಿಗೆ ಹಿಡಿದ. ಗೋವಿಂದನ್ ಆ ಕಾಗದವನ್ನೇ ನೋಡುತ್ತ ಕುಳಿತ. ಪೆಟ್ರೋಲ್ ಆರಿತು. ನಡುವೆ ದುಂಡಗೆ ಎಣ್ಣೆಯ ಕಲೆ ಉಳಿಯಿತು.

"ಎಣ್ಣೆ ಇರೋ ಪೆಟ್ರೋಲಲ್ಲಿ ಮೊಳೆ ತೊಳೀತಾರಾ ಗೋವಿಂದಾ?"

ಗೋವಿಂದನ್ ಕೈಯಲ್ಲಿದ್ದ ಮೊಳೆಯನ್ನು ಅದರ ಖಾನೆಗೆ ಹಾಕಿದ.

"ಚೆಲ್ಲಕ್ಕೆ ಮನ್ಸು ಬರ್ಲಿಲ್ಲೆ ಸಾರ್," ಎಂದ. "ಅವ್ನು ಅಳೆದು ಕಲಸಿದ್ದು."

"ಯಾಕೆ ಮಾಡ್ದೆ?"

"ವಂಡಿ ಮುಗ್ದೋಯ್ತಲ್ಲ ಸಾರ್. ಪೊಂಗಲ್ ಆದ ಮ್ಯಾಲ ಅಳಿಯಂಗೆ ಕೊಡ್ತೀನಿ ಅಂದ. ಭಾನುವಾರ ನೀನೂ ರೆಸ್ಟ್ ತಗೊ ಗೋವಿಂದಾ, ಅಂದ." ಅವನು ಮಸಿ ಹಿಡಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡ. "ಕಂಬಂ ರೋಡಲ್ಲಿ ಮೆಲ್ಲಗೆ ಓಡಿಸ್ತೀನಿ ಅಂದಿದ್ದ. ಮಟ್ಟ ರೋಡು. ಇಂಜಿನ್ ಹಿಡಿದ್ರೆ ನಿಂತೋಗ್ತದೆ, ತಳ್ಕೊಂಡು ನನ್ನ ತಾವನೇ ಬರ್ತಾನೆ, ಮತ್ತೆ ಬಿಚ್ಚಬೋದು ಅಂದ್ಕೊಂಡೆ. ಅವ್ನು ಘಾಟಿ ಏರ್ತಾನೆ ಅಂತ ನನಗೆ ತೋಚಲೇ ಇಲ್ಲೆ ಸಾರ್."

ಕ್ಯಾನನ್ನು ಪಂಚರ ಎದುರು ಜಪ್ತಿ ಮಾಡಿ, ಸಂಜೆ ನಾಲ್ಕಕ್ಕೆ ಗೋವಿಂದನನ್ನು ಬಂಧಿಸಿದರು. ಕೊಲೆ ಯತ್ನದ ಕಲಮನ್ನು ಬದಲಿಸಲು ಲಕ್ಷ್ಮಣನ್ ಮ್ಯಾಜಿಸ್ಟ್ರೇಟರಿಗೆ ವರದಿ ಬರೆದ. ಕಾಳಿಯಪ್ಪನನ್ನು ರಾಜಾ ಜೀಪಿನಲ್ಲಿ ಮನೆ ಬಾಗಿಲ ತನಕ ಬಿಟ್ಟು ಬಂದ.

ಅಭಿರಾಮಿ ಠಾಣೆಯ ಮೆಟ್ಟಿಲ ಬಳಿ ಕಾಯುತ್ತಿದ್ದಳು. ಗೋವಿಂದನ ಹೆಸರು ಕೇಳಿ ಅವಳು ಎರಡು ಮೆಟ್ಟಿಲು ಹತ್ತಿ ಬಂದಳು.

"ಯಾಕೆ ಸಾರ್? ಅಪ್ಪಾರು ಅವ್ರಿಗೆ ಏನು ಮಾಡಿದ್ರು?"

ಭೂಮಿ, ಕುಡಿತ, ಹೆಣ್ಣು ಎಂದು ಎಷ್ಟೋ ಮನೆಯವರಿಗೆ ಕಾರಣ ಹೇಳಿ ಅಭ್ಯಾಸವಾಗಿದ್ದ ಲಕ್ಷ್ಮಣನಿಗೆ ಮಾತು ಹುಡುಕಬೇಕಾಯಿತು.

"ನಿಮ್ಮಪ್ಪಾರ ಕೂಡ ಇನ್ನಷ್ಟು ದಿನ ಕೂತಿರ್ಬೇಕು ಅಂತ ಅವ್ನಿಗೆ ಆಸೆ ಇತ್ತು ತಾಯಿ."

ಅವಳು ಲಾಕಪ್ ಕಡೆ ನೋಡಿದಳು.

"ಬಾಯಿ ಬುಟ್ಟು ಕೇಳಿದ್ರೆ," ಎಂದಳು, "ಅಪ್ಪಾರು ಬ್ಯಾಡ ಅಂತಿದ್ರಾ?"