ಆಮೆಬಂಡೆಯ ಡಬ್ಬಿ

ಕತ್ತಲಾಗುವ ಮೊದಲು ಆಮೆಬಂಡೆ ತಲುಪಬೇಕು, ಡಬ್ಬಿ ಬಿಚ್ಚಿ ಒಳಗಿನ ಬೋರ್ಡು ಬದಲಿಸಬೇಕು, ಬಂಡೆ ಮುಳುಗುವಷ್ಟರಲ್ಲಿ ದಡ ಸೇರಬೇಕು. ಕೆಲಸ ಇಷ್ಟೇ. ಇಷ್ಟೇ, ಇಷ್ಟೇ ಎಂದು ಸೈಫುಲ್ಲಾ ದಾವಣಗೆರೆಯಿಂದ ಹರಿಹರ ದಾಟುವವರೆಗೂ ತನಗೆ ತಾನೇ ಹೇಳಿಕೊಳ್ಳುತ್ತ ಬಂದ. ಮನಸ್ಸು ಮಾತ್ರ ಒಪ್ಪಲಿಲ್ಲ.

ಉಕ್ಕಡಗಾತ್ರಿಗೆ ಎರಡು ಮೈಲಿ ಮೇಲೆ, ತುಂಗಭದ್ರೆಯ ನಟ್ಟನಡುವೆ ಆ ಬಂಡೆ. ಅದರ ಮೇಲೊಂದು ಕಬ್ಬಿಣದ ಕಂಬ, ಕಂಬದ ತುದಿಗೆ ಸೈಫುಲ್ಲಾನ ಸಣ್ಣ ಕಾರ್ಖಾನೆಯಲ್ಲಿ ತಯಾರಾದ ಡಬ್ಬಿ. ಹೊಳೆ ಏರಿದ ಕೂಡಲೇ ಅದು ಮೊಬೈಲ್ ಸಿಗ್ನಲ್ ಹಿಡಿದು ಕೆಳಗಿನ ಸ್ನಾನಘಟ್ಟದ ಸೈರನ್ ಕೂಗಿಸಬೇಕು. ಹತ್ತು ದಿನದ ಹಿಂದೆ ಹೊಳೆ ಏರಿತು, ಸೈರನ್ ಕೂಗಲಿಲ್ಲ. ಬಟ್ಟೆ ಒಗೆಯುತ್ತಿದ್ದ ಓಬವ್ವ ಕೊಚ್ಚಿಹೋಗಿ, ಹೊಂಗೆ ಮರವೊಂದನ್ನು ತಬ್ಬಿ ಜೀವ ಉಳಿಸಿಕೊಂಡಳು. ಕಾಲು ಮುರಿಯಿತು. ನಾಳೆ ಅಮಾವಾಸ್ಯೆ, ಪುಣ್ಯಸ್ನಾನಕ್ಕೆಂದು ಸಾವಿರಾರು ಜನ ಹೊಳೆಗೆ ಇಳಿಯುತ್ತಾರೆ. ಮೇಲೆ ಮಲೆನಾಡಿನಲ್ಲಿ ಮಳೆ ಹಿಡಿದು ಮೂರು ದಿನವಾಗಿತ್ತು.

ಟವರ್ ತೊಂದರೆ ಎಂದು ಸೈಫುಲ್ಲಾ ಎಲ್ಲರಿಗೂ ಹೇಳಿದ್ದ. ಹಸಿ ಸುಳ್ಳು.

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಹದಿನೈದು ವರ್ಷ ಮೊಬೈಲ್ ರಿಪೇರಿ ಮಾಡಿದವನು ಅವನು. ಸಿಮ್ ಸಡಿಲವಾದರೆ ಅದರ ಹಿಂದೆ ಬಸ್ ಟಿಕೆಟ್ ಮಡಚಿ ತುರುಕುತ್ತಿದ್ದ, ಫೋನ್ ಎದ್ದು ಕೂಡುತ್ತಿತ್ತು. ಗಿರಾಕಿಗಳು ಅವನ ಕೈಗುಣವನ್ನು ಹೊಗಳಿ ಹೊಗಳಿ ಕೆಡಿಸಿದ್ದರು. ಡಬ್ಬಿ ಮಾಡುವಾಗಲೂ ಅದೇ ಕೈಗುಣ ತೋರಿಸಿದ. ಬೇಸಿಗೆಯಲ್ಲಿ ವಾಪಸು ಬಂದ ಬೇರೊಂದು ಡಬ್ಬಿಯನ್ನು ಬಿಚ್ಚಿದಾಗ ಟಿಕೆಟ್ಟು ತೇವ ಕುಡಿದು ಉಬ್ಬಿ, ಸಿಮ್ಮನ್ನು ಜಾಗದಿಂದ ಎತ್ತಿಹಾಕಿತ್ತು. ನೋಡಿದ, ಬಿಸಾಡಿದ, ಬಾಯಿ ಮುಚ್ಚಿಕೊಂಡ. ಅವತ್ತೇ ಬಾಯಿ ಬಿಟ್ಟಿದ್ದರೆ ಓಬವ್ವ ಇವತ್ತು ನಡೆದಾಡುತ್ತಿದ್ದಳು.

ಅವನ ಅಕ್ಕನ ಮಗಳು ಆಲಿಯಾ ಎಂಜಿನಿಯರ್. ಕಳೆದ ವರ್ಷವೇ ಇ-ಸಿಮ್ ಹಾಕೋಣ ಎಂದು ಗಂಟು ಬಿದ್ದಿದ್ದಳು. ತೊಗರಿಬೇಳೆಯಷ್ಟು ಚಿಪ್ಪು, ಬೋರ್ಡಿಗೇ ಬೆಸುಗೆ, ಅಲುಗಾಡುವ ಮಾತಿಲ್ಲ. ಒಂದು ಕಂಪನಿಯ ಸಿಗ್ನಲ್ ಸಿಗದಿದ್ದರೆ ಇನ್ನೊಂದರ ಸಂಪರ್ಕವನ್ನು ಕಾರ್ಖಾನೆಯಲ್ಲಿ ಕೂತೇ ಆ ಚಿಪ್ಪಿಗೆ ಇಳಿಸಬಹುದು. ಆದರೆ ಬೋರ್ಡಿನ ನಕ್ಷೆ ಹೊಸದಾಗಿ ಬರೆಯಬೇಕು, ಸಂಪರ್ಕ ಕಳಿಸಿಕೊಡುವ ಸಂಸ್ಥೆಯೊಂದನ್ನು ಗೊತ್ತುಮಾಡಬೇಕು, ಒಂದೊಂದು ಡಬ್ಬಿಯನ್ನೂ ಮುಚ್ಚುವ ಮೊದಲು ಪರೀಕ್ಷಿಸಬೇಕು. ಕೈಗೆ ಸಿಗದ ಸಿಮ್ಮನ್ನು ನಂಬುವುದು ಹೇಗೆ ಎಂದು ಮಾವ ನಕ್ಕುಬಿಟ್ಟಿದ್ದ. ಓಬವ್ವನ ಸುದ್ದಿ ಬಂದ ಮೇಲೆ ಆಲಿಯಾ ಅವನನ್ನು ಕೇಳದೆಯೇ ಒಂದು ಬೋರ್ಡು ಸಿದ್ಧಮಾಡಿದಳು. ಈಗ ಅದು ಅವಳ ಚೀಲದಲ್ಲಿತ್ತು.

ದಡದಲ್ಲಿ ಹರಿಗೋಲು ಹಿಡಿದು ನಿಂತಿದ್ದವನು ಅಜ್ಜಯ್ಯ, ಓಬವ್ವನ ಗಂಡ. ಈ ಹೊಳೆಯ ಸುಳಿಗಳನ್ನೆಲ್ಲ ಬಲ್ಲವನು ಅವನೊಬ್ಬನೇ. ಹೆಂಡತಿ ದಾವಣಗೆರೆಯ ಆಸ್ಪತ್ರೆಯಲ್ಲಿ ಮಲಗಿದ್ದರೂ ಕರೆದ ಕೂಡಲೇ ಬಂದಿದ್ದ. ಕೂಡ್ರಿ ಸಾಬ್ರೇ ಎಂದು ಗೋಣಿ ಹಾಸಿಕೊಟ್ಟ. ಸೈಫುಲ್ಲಾನಿಗೆ ಆ ಗೋಣಿಯ ಮೇಲೆ ಕೂರಲು ನಾಚಿಕೆಯಾಯಿತು.

ಹೊಳೆ ಕೆಮ್ಮಣ್ಣು ಕಲಸಿದಂತೆ ಹರಿಯುತ್ತಿತ್ತು. ಆಚೆ ದಡದ ಕಬ್ಬಿನ ಗದ್ದೆಯ ಅಂಚಿನವರೆಗೂ ನೀರು ನಾಲಗೆ ಚಾಚಿತ್ತು. ಬೇರು ಸಮೇತ ಕಿತ್ತುಬಂದ ಜಾಲಿಗಿಡಗಳು, ಒಂದು ಪ್ಲಾಸ್ಟಿಕ್ ಕುರ್ಚಿ, ಯಾರದೋ ಮನೆಯ ಬಾಗಿಲು ಒಂದರ ಹಿಂದೊಂದು ತೇಲಿಹೋದವು. ಬಂಡೆಗಿಂತ ಮೇಲಿನ ದಡದಿಂದ ಬಿಟ್ಟ ಹರಿಗೋಲನ್ನು ಅಜ್ಜಯ್ಯ ಸೆಳವಿಗೆ ಅಡ್ಡಡ್ಡ ಹಾಯಿಸಿ ಬಂಡೆಯತ್ತ ಜಾರಿಸಿದ.

ಸುಳಿ ಸಿಕ್ಕಿತು. ಹರಿಗೋಲು ಎರಡು ಸುತ್ತು ಸುತ್ತಿತು. ಅಜ್ಜಯ್ಯ ಹುಟ್ಟನ್ನು ಆಳಕ್ಕೆ ಊರಿ ಒದ್ದಾಡಿದ. ಆಲಿಯಾ ಹಗ್ಗ ಎಸೆದಳು, ತಪ್ಪಿತು. ಮತ್ತೆ ಎಸೆದಳು, ಕಂಬಕ್ಕೆ ಸಿಕ್ಕಿತು. ಮೂವರೂ ಜಗ್ಗಿದರು. ಬಂಡೆ ಹತ್ತುವಾಗ ನೀರು ಪಾದ ಮುಟ್ಟುತ್ತಿತ್ತು.

ಸೈಫುಲ್ಲಾ ಕಂಬ ಹತ್ತಿ ಡಬ್ಬಿ ಬಿಚ್ಚಿದ. ಹಳೆಯ ಬೋರ್ಡು ಕಿತ್ತು ಕೆಳಗೆ ಕೊಟ್ಟ. ಆಲಿಯಾ ಸಿಮ್ ತೆಗೆದಳು, ಹಿಂದಿನಿಂದ ಕೊಳೆತ ಬಸ್ ಟಿಕೆಟ್ ಕಳಚಿ ಅವಳ ಅಂಗೈ ಮೇಲೆ ಬಿತ್ತು.

"ಮಾಮು, ಟವರ್ ತೊಂದರೆ ಅಂದಿದ್ರಿ."

ಅವನು ಕಂಬದ ಮೇಲಿಂದ ಕೈ ಕೆಳಗೆ ನೀಡಿದ. ಅವಳು ಹೊಸ ಬೋರ್ಡು ಮೇಲೆ ಚಾಚಿದಳು.

ಬೋರ್ಡು ಕೂತಿತು, ದೀಪ ಕೆಂಪಗೇ ಉಳಿಯಿತು. ಅವಳು ಆರಿಸಿದ್ದ ಕಂಪನಿಯ ಸಿಗ್ನಲ್ ಈ ಬಂಡೆಗೆ ಬರುತ್ತಿರಲಿಲ್ಲ. ಚಿಪ್ಪಿನೊಳಗೆ ಆಪತ್ತಿಗೆಂದು ಇಟ್ಟಿದ್ದ ಸಂಪರ್ಕ ಮಾತ್ರ ಇನ್ನೊಂದು ಕಂಪನಿಯ ಎಳೆ ಸಿಗ್ನಲ್ ಹಿಡಿದು ಕುಟುಕುಜೀವದಲ್ಲಿತ್ತು. ಆಲಿಯಾ ಕಾರ್ಖಾನೆಯಲ್ಲಿದ್ದ ಇಜಾಜನಿಗೆ ಫೋನ್ ಮಾಡಿ, ಆ ಇನ್ನೊಂದು ಕಂಪನಿಯ ಸಂಪರ್ಕವನ್ನೇ ಪೂರ್ತಿ ಇಳಿಸಲು ಹೇಳಿದಳು. ನಾಲ್ಕು ನಿಮಿಷ ಬೇಕು, ನಡುವೆ ಸಿಗ್ನಲ್ ಕಡಿಯಬಾರದು ಎಂದ ಇಜಾಜ್.

"ನಾಲ್ಕು ನಿಮಿಷ ಈ ಬಂಡೆ ಇರಲ್ರಿ," ಎಂದ ಅಜ್ಜಯ್ಯ.

ಬಂಡೆಯ ಮೇಲೆ ನೀರು ಮೊಣಕಾಲಿಗೆ ಬಂತು. ಅಜ್ಜಯ್ಯ, ಆಲಿಯಾ ಹರಿಗೋಲು ಹತ್ತಿ ಹಗ್ಗ ಜಗ್ಗಿ ಹಿಡಿದರು. ಸೈಫುಲ್ಲಾ ಒಂದು ಕೈಯಲ್ಲಿ ಕಂಬ ತಬ್ಬಿ, ಸಿಗ್ನಲ್ ಕಡಿಯದಿರಲೆಂದು ಇನ್ನೊಂದು ಕೈಯಲ್ಲಿ ಡಬ್ಬಿಯ ಆಂಟೆನಾವನ್ನು ತಲೆಯ ಮೇಲೆತ್ತಿ ಹಿಡಿದ. ತೋಳು ಸೇದಿತು. ತೇಲಿಬಂದ ಕೊಂಬೆಯೊಂದು ಕಂಬಕ್ಕೆ ಬಡಿದು ಇಡೀ ಕಂಬ ನಡುಗಿತು. ಓಬವ್ವ ಆ ಹೊಂಗೆ ಮರವನ್ನು ಎಷ್ಟು ಹೊತ್ತು ತಬ್ಬಿದ್ದಳೋ ಎಂದು ನೆನೆದು ಅವನ ಕಣ್ಣು ತುಂಬಿತು. ಅವನು ಕೈ ಇಳಿಸಲಿಲ್ಲ.

ದೀಪ ಹಸಿರಾಯಿತು. ದೂರದಲ್ಲಿ ಪರೀಕ್ಷೆಯ ಸೈರನ್ ಒಮ್ಮೆ ಕೂಗಿ ನಿಂತಿತು. ಅವನು ಆಂಟೆನಾವನ್ನು ಕಂಬದ ತುದಿಗೆ ಬಿಗಿದು, ಮುಚ್ಚಳ ತಿರುಗಿಸಿ ನೀರಿಗೆ ಹಾರಿದ. ಅಜ್ಜಯ್ಯ ಅವನ ಅಂಗಿಯ ಕಾಲರು ಹಿಡಿದು ಹರಿಗೋಲಿಗೆ ಎಳೆದುಕೊಂಡ. ಅರ್ಧ ಮೈಲಿ ಕೆಳಗೆ, ಬಟ್ಟೆ ಹರಿದು ಮೈ ತರಚಿಕೊಂಡು ದಡ ಸೇರಿದರು.

ದಡದಲ್ಲಿ ಸೈಫುಲ್ಲಾ ಟಿಕೆಟ್ಟಿನ ಕತೆಯನ್ನೆಲ್ಲ ಹೇಳಿಬಿಟ್ಟ, ಬೇಸಿಗೆಯಲ್ಲೇ ಗೊತ್ತಿತ್ತೆಂಬುದನ್ನೂ ಬಿಡದೆ. ಅಜ್ಜಯ್ಯ ಕೇಳುತ್ತ ಹುಟ್ಟಿನ ನೀರು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಮುರಿದಿದ್ದು ನನ್ನ ಕಾಲಲ್ಲ. ನಂಗ್ಯಾಕ ಹೇಳ್ತೀರಿ?" ಎಂದು ಹರಿಗೋಲನ್ನು ತಲೆಯ ಮೇಲೆ ಹೊತ್ತು ನಡೆದುಬಿಟ್ಟ.

ಮರುದಿನ ಬೆಳಿಗ್ಗೆ ಸೈಫುಲ್ಲಾ ಆಸ್ಪತ್ರೆಯಲ್ಲಿ ಓಬವ್ವನ ಮಂಚದ ಬಳಿ ಕೂತು ಅದನ್ನೇ ಹೇಳುತ್ತಿದ್ದಾಗ ಸ್ನಾನಘಟ್ಟದಿಂದ ಆಲಿಯಾ ಫೋನ್ ಮಾಡಿದಳು. ಸೈರನ್ ಕೂಗಿತ್ತು. ಜನ ಒದ್ದೆ ಬಟ್ಟೆಯಲ್ಲೇ ಮೆಟ್ಟಿಲು ಹತ್ತಿದ್ದರು. ಕಾಲು ಗಂಟೆಯ ಮೇಲೆ ಕೆಳಗಿನ ಮೆಟ್ಟಿಲುಗಳೆಲ್ಲ ಮುಳುಗಿದವು. ಯಾರಿಗೂ ಏನೂ ಆಗಿರಲಿಲ್ಲ.

ಚಾವಣಿ ನೋಡುತ್ತ ಮಲಗಿದ್ದ ಓಬವ್ವ ಅವನತ್ತ ತಿರುಗಿ ಕೇಳಿದಳು, "ಇಂಥ ಡಬ್ಬಿ ಹೊಳಿ ಮ್ಯಾಲ ಇನ್ನ ಎಷ್ಟವೆ?"

"ಹನ್ನೊಂದು, ಅಮ್ಮಾ."

"ಮತ್ತ ನನ್ನ ಮುಂದ ಕೂತು ಅಳೋದ್ಯಾಕ? ಏಳ್ರಿ."

ಅವನು ಎದ್ದ. ಎದೆಯ ಭಾರ ಇಳಿದಿರಲಿಲ್ಲ. ಮೆಟ್ಟಿಲು ಇಳಿಯುತ್ತಲೇ ಇಜಾಜನಿಗೆ ಫೋನ್ ಮಾಡಿ, ಹನ್ನೊಂದು ಬೋರ್ಡಿಗೆ ಬೆಸುಗೆ ಶುರುಮಾಡು ಎಂದ.